ಒಂದೇ ಲ್ಯಾಪ್‌ಟಾಪ್, ಒಳಗೆ ಇನ್ನೊಂದು ಕಂಪ್ಯೂಟರ್

ಭಾಗ 1/8

ಮೊದಲ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಕೆಳಗಡೆ ಎಡಮೂಲೆಯಲ್ಲಿ ಲಿನಕ್ಸ್ ಮಿಂಟ್‌ನ ಮೆನು. ನಡುವೆ ಒಂದು ಕಿಟಕಿ. ಆ ಕಿಟಕಿಯೊಳಗೆ ಪೂರ್ತಿ ವಿಂಡೋಸ್ 10, ಅದಕ್ಕೇ ಬೇರೆ ಸ್ಟಾರ್ಟ್ ಬಟನ್. ಅದರೊಳಗೆ ಟ್ಯಾಲಿ ಪ್ರೈಮ್. ಎಡಿಟ್ ಮಾಡಿದ ಫೋಟೋ ಅಲ್ಲ, ನನ್ನ ಲ್ಯಾಪ್‌ಟಾಪ್ ಈಗ ದಿನಾ ಕಾಣೋದೇ ಹೀಗೆ.

ಕಳೆದ ವಾರ ಸ್ಟೋರಿಯಲ್ಲಿ ಇದನ್ನ ಹಾಕಿದ್ದಕ್ಕೆ ನಿಮ್ಮಲ್ಲಿ ತುಂಬಾ ಜನ "ಇದು ಹೇಗೆ?" ಅಂತ ಕೇಳಿದ್ರಿ. ಒಬ್ಬೊಬ್ಬರಿಗೇ ವಾಯ್ಸ್ ನೋಟ್ ಕಳಿಸಿ ಗಂಟಲು ಹೋಯ್ತು. ಅದಕ್ಕೇ ಈ ಸರಣಿ. ಎಂಟು ಭಾಗ. ಹೇಗೆ ಮಾಡೋದು ಅಂತಾನೂ ಹೇಳ್ತೀನಿ, ನಾನು ಎಲ್ಲಿ ಹಾಳು ಮಾಡ್ಕೊಂಡೆ ಅಂತಾನೂ ಹೇಳ್ತೀನಿ. ಎರಡನೇದು ಹೇಳೋಕೆ ನಾಚಿಕೆ ಆಗುತ್ತೆ, ಆದ್ರೆ ಅದನ್ನ ಬಿಟ್ಟರೆ ಈ ಸರಣಿಗೆ ಅರ್ಥ ಇಲ್ಲ.

ನಾನು ಕಂಪ್ಯೂಟರ್ ಸೈನ್ಸ್ ಅಲ್ಲ, ಗೊತ್ತಲ್ಲ, ಬಿಕಾಂ. ತಿಪಟೂರಿನಲ್ಲಿ ನಮ್ಮಪ್ಪನದು ಒಂದು ಸಣ್ಣ ದಿನಸಿ ಅಂಗಡಿ. ಕೊಬ್ಬರಿ ಹರಾಜಿನ ದಿನ ವ್ಯಾಪಾರ ಜೋರು, ಉಳಿದ ದಿನ ಸುಮಾರು. ನನ್ನ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಇಂಟೆಲ್ ಐ5, 6ನೇ ತಲೆಮಾರು, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ. ಹೋದ ವರ್ಷ ಜೂನ್‌ನಲ್ಲಿ ಅದರ ಪರದೆ ಮೇಲೆ ಒಂದು ಮೆಸೇಜ್ ಬಂತು: ಈ ಪಿಸಿ ವಿಂಡೋಸ್ 11ಕ್ಕೆ ಅರ್ಹ ಅಲ್ಲ ಅಂತ. ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಬಿಟ್ಟೆ, "ಇದರ ಕಥೆ ಮುಗೀತು, ಹೊಸದು ಬೇಕು."

ಅಪ್ಪ ಏನೂ ಅನ್ನಲಿಲ್ಲ. ಸಾರು ಹಾಕಿಸ್ಕೊಂಡ್ರು.

ಈ ಮಾತು ನೆನಪಿಟ್ಕೊಳ್ಳಿ. 7ನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 2/8

ಮೊದಲು ಆ ಮೆಸೇಜ್ ವಿಷಯ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನನ್ನದು 6. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಂದ್ರೆ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಕೀಬೋರ್ಡ್ ಸರಿ ಇತ್ತು, ಸ್ಕ್ರೀನ್ ಸರಿ ಇತ್ತು, ಬ್ಯಾಟರಿ ಎರಡು ಗಂಟೆ ಬರ್ತಿತ್ತು. ನಾನು "ಸತ್ತೋಯ್ತು" ಅಂದಿದ್ದು ಒಂದು ಮೆಸೇಜ್ ನೋಡಿ, ಅಷ್ಟೇ.

ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮ ದೊಡ್ಡಪ್ಪನ ಮಗ ಹಬ್ಬಕ್ಕೆ ಬಂದಾಗ ಒಂದು ಪೆನ್‌ಡ್ರೈವ್ ಹಾಕಿ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಿಕೊಟ್ಟ. ಉಚಿತ. ಅಪ್‌ಡೇಟ್ ಬರುತ್ತೆ. ಅರ್ಧ ನಿಮಿಷದೊಳಗೆ ಆನ್ ಆಗುತ್ತೆ. ನನಗೆ ಖುಷಿಯೋ ಖುಷಿ. ಕಾಲೇಜು ಶುರುವಾಗಿ ಪ್ರಾಕ್ಟಿಕಲ್ ಕ್ಲಾಸಿಗೆ ಟ್ಯಾಲಿ ಬೇಕು ಅನ್ನೋವರೆಗೆ.

ಟ್ಯಾಲಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ಮಿಂಟ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಸುಮ್ಮನೆ ಮುಖ ನೋಡುತ್ತೆ.

ಈಗ ನನ್ನ ಮುಂದೆ ಇದ್ದ ದಾರಿಗಳು ಇವು. ಒಂದು, ಮಿಂಟ್ ಅಳಿಸಿ ಹಳೇ ವಿಂಡೋಸ್‌ಗೆ ವಾಪಸ್ ಹೋಗೋದು. ಎರಡು, ಎರಡನ್ನೂ ಹಾಕಿ ಆನ್ ಮಾಡುವಾಗ ಯಾವುದು ಬೇಕೋ ಆರಿಸೋದು. ಇದನ್ನ ಡ್ಯುಯಲ್ ಬೂಟ್ ಅಂತಾರೆ. ಆದ್ರೆ ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಪ್ರತಿ ಸಲ ರೀಸ್ಟಾರ್ಟ್ ಮಾಡ್ಬೇಕು, ಪಾರ್ಟಿಷನ್ ಮಾಡುವಾಗ ಕೈ ತಪ್ಪಿದ್ರೆ ಇದ್ದದ್ದೂ ಹೋಗುತ್ತೆ. ಮೂರು, ವರ್ಚುವಲ್ ಮೆಷಿನ್. ಮಿಂಟ್ ಓಡ್ತಾ ಇರುವಾಗಲೇ ಅದರೊಳಗೆ, ಒಂದು ಆ್ಯಪ್ ಥರ, ಇನ್ನೊಂದು ಇಡೀ ಕಂಪ್ಯೂಟರ್ ತೆರೆಯೋದು.

ಮೂರನೇದನ್ನ ಆರಿಸಿದೆ.

ಭಾಗ 3/8

ಇದು ಒಳಗಡೆ ಹೇಗೆ ನಡೆಯುತ್ತೆ? ನಮ್ಮ ಭಾಷೆಯಲ್ಲೇ ಹೇಳ್ತೀನಿ. ಹೆಡ್ ಆಫೀಸ್ ಮತ್ತು ಬ್ರಾಂಚ್ ಅಕೌಂಟ್ಸ್ ಓದಿದ್ದೀವಲ್ಲ? ಮಿಂಟ್ ಹೆಡ್ ಆಫೀಸ್, ಅದಕ್ಕೆ ಹೋಸ್ಟ್ ಅಂತಾರೆ. ವಿಂಡೋಸ್ ಬ್ರಾಂಚ್, ಅದಕ್ಕೆ ಗೆಸ್ಟ್ ಅಂತಾರೆ. ಬ್ರಾಂಚ್‌ಗೆ ಅದರದೇ ಪುಸ್ತಕ, ಅದರದೇ ಕ್ಯಾಷ್. ಆದ್ರೆ ದುಡ್ಡೆಲ್ಲ ಬಂದಿದ್ದು ಹೆಡ್ ಆಫೀಸಿಂದ.

ಈ ಎರಡರ ನಡುವೆ ಕೂತಿರೋ ಮ್ಯಾನೇಜರ್ ಹೆಸರು ಹೈಪರ್‌ವೈಸರ್. ಗೆಸ್ಟ್ ವಿಂಡೋಸ್ ತನ್ನದೇ ಬೇರೆ ಕಂಪ್ಯೂಟರ್‌ನಲ್ಲಿ ಇರೋ ಹಾಗೇ ಕೆಲಸ ಮಾಡುತ್ತೆ. ಅದಕ್ಕೆ ತನ್ನದೇ ಹಾರ್ಡ್ ಡಿಸ್ಕ್ ಇರೋ ಹಾಗೆ ಕಾಣುತ್ತೆ. ಆ ಡಿಸ್ಕ್ ನಿಜಕ್ಕೂ ನನ್ನ ಮಿಂಟ್‌ನಲ್ಲಿರೋ ಒಂದೇ ಒಂದು ದೊಡ್ಡ ಫೈಲ್. ವಿಂಡೋಸ್‌ನ ಮಾಮೂಲಿ ಲೆಕ್ಕಾಚಾರವನ್ನೆಲ್ಲ ನಿಜವಾದ ಪ್ರೊಸೆಸರೇ ನೇರವಾಗಿ ಮಾಡುತ್ತೆ, ಅದಕ್ಕೇ ತೀರಾ ನಿಧಾನ ಅನ್ನಿಸಲ್ಲ. ಇಡೀ ಯಂತ್ರದ ಮೇಲೆ ಹಿಡಿತ ಬೇಕಾಗೋ ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ಹೈಪರ್‌ವೈಸರ್ ಮಧ್ಯೆ ಬಂದು, "ಇರು, ಅದನ್ನ ನಾನು ನೋಡ್ಕೋತೀನಿ" ಅನ್ನುತ್ತೆ.

ಇದು ಹೊಸ ಐಡಿಯಾ ಅಲ್ಲ. 1960ರ ದಶಕದಲ್ಲೇ ಐಬಿಎಂನವರು ಶುರು ಮಾಡಿದ್ದು. ಆಗ ಒಂದು ಕಂಪ್ಯೂಟರ್ ಅಂದ್ರೆ ಒಂದು ರೂಮ್ ತುಂಬ ಯಂತ್ರ, ಬೆಲೆ ಕೇಳೋ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೊಡೋಕೆ ಆಗದೆ ಒಂದನ್ನೇ ಹಲವು ಕಂಪ್ಯೂಟರ್ ಥರ ಕಾಣೋ ಹಾಗೆ ಮಾಡಿದ್ರು. 1972ರಲ್ಲಿ ವಿಎಂ/370 ಅಂತ ಅದನ್ನ ಮಾರುಕಟ್ಟೆಗೂ ತಂದ್ರು. ನಮ್ಮಂಥ ಸಣ್ಣ ಕಂಪ್ಯೂಟರ್‌ಗೆ ಇದನ್ನ ತಂದವರಲ್ಲಿ ಮುಖ್ಯವಾದದ್ದು 1998ರಲ್ಲಿ ಶುರುವಾದ ವಿಎಂವೇರ್. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ, ಪ್ರೊಸೆಸರ್ ಒಳಗೇ ಇದಕ್ಕೆ ಸಹಾಯ ಸೇರಿಸಿದ್ರು. ನಾನು ಬಳಸೋದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೊಟೆಕ್ ಅನ್ನೋ ಕಂಪನಿ 2007ರಲ್ಲಿ ಹೊರಗೆ ಬಿಟ್ಟದ್ದು, ಆಮೇಲೆ ಸನ್ ಕೈಗೆ, 2010ರಲ್ಲಿ ಸನ್ ಜೊತೆ ಒರಾಕಲ್ ಕೈಗೆ ಹೋಯ್ತು. ಮೂಲ ಪ್ಯಾಕೇಜ್ ಈಗಲೂ ಓಪನ್ ಸೋರ್ಸ್, ಉಚಿತ.

ಒಂದು ಯಂತ್ರ, ಹಲವರ ಅಗತ್ಯ. ಐಡಿಯಾ ಹುಟ್ಟಿದ್ದೇ ಅಲ್ಲಿ. ನನ್ನ ಕಥೆಯೂ ಅದೇ ಅಲ್ವಾ.

ಭಾಗ 4/8

ಈಗ ಕೆಲಸಕ್ಕೆ ಬರೋಣ. ಸೇವ್ ಮಾಡ್ಕೊಳ್ಳಿ.

ಮೊದಲ ಸಲ ಸ್ಟಾರ್ಟ್ ಒತ್ತಿದಾಗ ನನಗೆ ಬಂದಿದ್ದು ಎರರ್. ಬಯೋಸ್‌ನಲ್ಲಿ ವಿಟಿ-ಎಕ್ಸ್ ಆಫ್ ಆಗಿದೆ ಅಂತ. ಹೆದರಬೇಡಿ. ಲ್ಯಾಪ್‌ಟಾಪ್ ಆನ್ ಆಗುವಾಗಲೇ ಎಫ್2 ಅಥವಾ ಎಫ್10 ಅಥವಾ ಡಿಲೀಟ್ ಕೀ ಒತ್ತಿ (ಕಂಪನಿ ಮೇಲೆ ಬದಲಾಗುತ್ತೆ) ಬಯೋಸ್ ಒಳಗೆ ಹೋಗಿ ವರ್ಚುವಲೈಸೇಷನ್ ಅನ್ನೋದನ್ನ ಎನೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಎಎಂಡಿ ಇದ್ರೆ ಎಸ್‌ವಿಎಂ ಅಂತ ಇರುತ್ತೆ.

ರ್ಯಾಮ್: ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸ್ಲೈಡರ್ ಬರುತ್ತೆ, ಹಸಿರು ಭಾಗ, ಕೆಂಪು ಭಾಗ. ಕೆಂಪಿಗೆ ಹೋಗ್ಬೇಡಿ. ನಾನು ಮೊದಲ ದಿನ ಆಸೆಬಿದ್ದು 8ರಲ್ಲಿ 6 ಜಿಬಿ ಬ್ರಾಂಚ್‌ಗೆ ಕೊಟ್ಟೆ. ಹೆಡ್ ಆಫೀಸ್ ಉಸಿರುಗಟ್ಟಿ ಎರಡೂ ಹ್ಯಾಂಗ್. ಹೋಸ್ಟ್ ನಿಂತ್ರೆ ಗೆಸ್ಟ್ ಕೂಡ ನಿಲ್ಲುತ್ತೆ. ಈಗ 3 ಜಿಬಿ ಕೊಟ್ಟಿದ್ದೀನಿ, ಟ್ಯಾಲಿಗೆ ಆರಾಮಾಗಿ ಸಾಕು. ಪ್ರೊಸೆಸರ್ ಕೋರ್ 2. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಟ್ಟೇ 4 ಜಿಬಿ ಇದ್ರೆ ದಯವಿಟ್ಟು ಇದಕ್ಕೆ ಕೈ ಹಾಕ್ಬೇಡಿ, ಮೊದಲು ರ್ಯಾಮ್ ಹೆಚ್ಚಿಸೋಕೆ ಆಗುತ್ತಾ ನೋಡಿ.

ಡಿಸ್ಕ್: 50 ಜಿಬಿ, ಡೈನಾಮಿಕ್. ಇದು ಓವರ್‌ಡ್ರಾಫ್ಟ್ ಲಿಮಿಟ್ ಥರ. 50ರವರೆಗೆ ತಗೋಬಹುದು, ಆದ್ರೆ ಬಳಸಿದಷ್ಟೇ ಜಾಗ ಹಿಡಿಯುತ್ತೆ. ಒಂದು ವ್ಯತ್ಯಾಸ: ಒಳಗೆ ಫೈಲ್ ಡಿಲೀಟ್ ಮಾಡಿದ್ರೂ ಹೊರಗಿನ ಆ ದೊಡ್ಡ ಫೈಲ್ ತಾನಾಗೇ ಚಿಕ್ಕದಾಗಲ್ಲ.

ಗೆಸ್ಟ್ ಅಡಿಷನ್ಸ್: ವಿಂಡೋಸ್ ಹಾಕಿದ ಮೇಲೆ ಇದನ್ನ ಹಾಕ್ಲೇಬೇಕು. ಆಗ ಸ್ಕ್ರೀನ್ ಸರಿಯಾಗಿ ಕೂರುತ್ತೆ, ಕಾಪಿ ಪೇಸ್ಟ್ ಮಾಡಬಹುದು, ಮಿಂಟ್‌ನ ಒಂದು ಫೋಲ್ಡರ್ ವಿಂಡೋಸ್ ಒಳಗೂ ಕಾಣುತ್ತೆ. ಈ ಶೇರ್ಡ್ ಫೋಲ್ಡರ್ ಎಷ್ಟು ಮುಖ್ಯ ಅಂತ ನನಗೆ ತಡವಾಗಿ ಗೊತ್ತಾಯ್ತು.

ಮೌಸ್ ಒಳಗೆ ಸಿಕ್ಕಿಹಾಕಿಕೊಂಡ್ರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ, ಬಿಟ್ಟುಬಿಡುತ್ತೆ.

ಲೈಸೆನ್ಸ್: ವರ್ಚುವಲ್ ಮೆಷಿನ್ ಒಳಗಿನ ವಿಂಡೋಸ್‌ಗೂ ಬೇರೆ ಲೈಸೆನ್ಸ್ ಬೇಕು. ನಾನು ಹಾಕಿದ್ದು ಅಣ್ಣನ ಕೆಟ್ಟುಹೋದ ಡೆಸ್ಕ್‌ಟಾಪ್‌ಗೆ ಅವನು ಬಾಕ್ಸ್‌ನಲ್ಲಿ ಕೊಂಡಿದ್ದ ಲೈಸೆನ್ಸ್. ಟೆಲಿಗ್ರಾಂನಲ್ಲಿ ಸಿಗೋ ಕ್ರ್ಯಾಕ್ ಹಾಕ್ಬೇಡಿ. ಅದ್ಯಾಕೆ ಅಂತ ಕೇಳ್ತೀರಾ? ಮುಂದೆ ಓದಿ, "ಉಚಿತ" ಅನ್ನೋದು ನನಗೆ ಏನು ಮಾಡ್ತು ಅಂತ.

ಭಾಗ 5/8

ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ರು. ನಿಜವಾದ ಒಂದು ಸಣ್ಣ ವ್ಯಾಪಾರದ ಒಂದು ತಿಂಗಳ ಲೆಕ್ಕವನ್ನ ಟ್ಯಾಲಿಯಲ್ಲಿ ಹಾಕಿ ತರಬೇಕು. ನಾನು ಅಪ್ಪನ ಅಂಗಡಿ ಆರಿಸಿದೆ, ಡಿಸೆಂಬರ್ ತಿಂಗಳು.

ಇಲ್ಲಿ ನಿಮಗೊಂದು ವಿಷಯ ಹೇಳ್ಬೇಕು, ನನಗೆ ತುಂಬಾ ಇಷ್ಟ ಆದದ್ದು. ಟ್ಯಾಲಿ ಬೆಂಗಳೂರಿನ ಕಂಪನಿ, 1986ರದ್ದು. ಶ್ಯಾಮ್ ಸುಂದರ್ ಗೋಯೆಂಕಾ ಅನ್ನೋರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾಗೆ ನೀನೇ ಬರಿ ಅಂದ್ರು. ಮಗ ಬರೆದ್ರು. ನಾವು ಲ್ಯಾಬ್‌ನಲ್ಲಿ ಬೈಕೊಂಡು ಕಲಿಯೋ ಸಾಫ್ಟ್‌ವೇರ್ ಶುರುವಾಗಿದ್ದು ಅಪ್ಪನ ಲೆಕ್ಕ ಬರೆಯೋಕೆ.

ನನ್ನ ಹತ್ರ ಟ್ಯಾಲಿ ಲೈಸೆನ್ಸ್ ಇಲ್ಲ, ಎಜುಕೇಷನಲ್ ಮೋಡ್. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಬಹುದು. ಅದಕ್ಕೇ ಎಲ್ಲಾ ವೋಚರ್ ಆ ಮೂರು ತಾರೀಖಿಗೆ ಹಾಕಿ, ನಿಜವಾದ ತಾರೀಖನ್ನ ನರೇಷನ್‌ನಲ್ಲಿ ಬರೀತಿದ್ದೆ. ಕಲಿಯೋಕೆ ಅಷ್ಟು ಸಾಕು.

ಅಪ್ಪನ ಲೆಕ್ಕ ಇರೋದು ಕೆಂಪು ಬಟ್ಟೆ ಹೊದಿಕೆಯ ಉದ್ದ ಪುಸ್ತಕದಲ್ಲಿ. ಅಂಗಡಿಯಿಂದ ಅದನ್ನ ಮನೆಗೆ ತರಲ್ಲ. ನಾನು ಹೋಗಿ ಪುಟಗಳ ಫೋಟೋ ತಗೊಂಡು ಬಂದೆ. ರಾತ್ರಿ ಹತ್ತರ ಮೇಲೆ ಮಿಂಟ್ ಒಂದು ಕಡೆ, ಅಪ್ಪನ ಕೈಬರಹದ ಫೋಟೋ ಇನ್ನೊಂದು ಕಡೆ, ನಡುವೆ ವಿಂಡೋಸ್, ಟ್ಯಾಲಿ. 11 ರಾತ್ರಿ ಕೂತೆ. 146 ವೋಚರ್ ಆಯ್ತು. ಇನ್ನು ಸುಮಾರು 35 ಬಾಕಿ.

ಕೆಲಸ ಸುಲಭ ಮಾಡ್ಕೊಳ್ಳೋಣ ಅಂತ ಆ ಶನಿವಾರ ಸಂಜೆ ವಿಂಡೋಸ್ ಒಳಗೆ ಒಂದು "ಉಚಿತ" ಪಿಡಿಎಫ್ ಕನ್ವರ್ಟರ್ ಡೌನ್‌ಲೋಡ್ ಮಾಡಿದೆ. ಐದೇ ನಿಮಿಷ. ಬ್ರೌಸರ್ ತಾನಾಗೇ ತೆರೆಯೋಕೆ ಶುರು, ಜಾಹೀರಾತಿನ ಮೇಲೆ ಜಾಹೀರಾತು. ಮುಚ್ಚಿದ್ರೆ ಇನ್ನೆರಡು.

ನಾನು ನಕ್ಕೆ. ಯಾಕೆ ಗೊತ್ತಾ? ನನ್ನ ಹತ್ರ ಸ್ನ್ಯಾಪ್‌ಶಾಟ್ ಇತ್ತು.

ಭಾಗ 6/8

ಸ್ನ್ಯಾಪ್‌ಶಾಟ್ ಅಂದ್ರೆ ಆ ಗೆಸ್ಟ್ ಕಂಪ್ಯೂಟರ್ ಈ ಕ್ಷಣ ಹೇಗಿದೆಯೋ ಹಾಗೇ ಹಿಡಿದಿಡೋದು. ಏನಾದ್ರೂ ಕೆಟ್ಟರೆ ಒಂದು ಕ್ಲಿಕ್‌ನಲ್ಲಿ ಆ ಕ್ಷಣಕ್ಕೆ ವಾಪಸ್. ವಿಂಡೋಸ್ ಹಾಕಿ, ಟ್ಯಾಲಿ ಹಾಕಿ, ಎಲ್ಲಾ ಸರಿ ಇದ್ದ ದಿನ ಒಂದು ತಗೊಂಡು "ಫ್ರೆಶ್" ಅಂತ ಹೆಸರಿಟ್ಟಿದ್ದೆ.

ಫ್ರೆಶ್ ಆರಿಸಿ ರೀಸ್ಟೋರ್ ಒತ್ತಿದೆ. ವರ್ಚುವಲ್‌ಬಾಕ್ಸ್ ಒಂದು ಪ್ರಶ್ನೆ ಕೇಳುತ್ತೆ: ಈಗಿನ ಸ್ಥಿತಿಯದ್ದೂ ಒಂದು ಸ್ನ್ಯಾಪ್‌ಶಾಟ್ ತಗೊಳ್ಳಲಾ? ಅದಕ್ಕೆ ಮೊದಲೇ ಟಿಕ್ ಹಾಕಿರುತ್ತೆ. ತಗೊಳ್ಳದೇ ಇದ್ರೆ ಈಗಿನ ಸ್ಥಿತಿ ಶಾಶ್ವತವಾಗಿ ಹೋಗುತ್ತೆ ಅಂತಾನೂ ಬರೆದಿರುತ್ತೆ. ನನ್ನ ಎಸ್‌ಎಸ್‌ಡಿಯಲ್ಲಿ ಜಾಗ ಕಮ್ಮಿ ಇತ್ತು. ವೈರಸ್ ಇರೋದನ್ನ ಯಾಕೆ ಇಟ್ಕೊಳ್ಳಲಿ ಅಂತ ಟಿಕ್ ತೆಗೆದು ಓಕೆ ಒತ್ತಿದೆ.

ಹತ್ತು ಸೆಕೆಂಡ್. ವಿಂಡೋಸ್ ತೊಳೆದಿಟ್ಟ ಪಾತ್ರೆ ಥರ ಬಂತು. ಜಾಹೀರಾತು ಇಲ್ಲ. ಟ್ಯಾಲಿ ತೆರೆದೆ.

ಕಂಪನಿ ಇಲ್ಲ.

ಮತ್ತೆ ತೆರೆದೆ. ಇಲ್ಲ. ಟ್ಯಾಲಿಯ ಡೇಟಾ ಇದ್ದದ್ದು ಆ ವಿಂಡೋಸ್‌ನ ಸಿ ಡ್ರೈವ್‌ನಲ್ಲೇ. ಸ್ನ್ಯಾಪ್‌ಶಾಟ್ ಇಡೀ ಡಿಸ್ಕನ್ನ ಹಿಂದಕ್ಕೆ ಒಯ್ಯುತ್ತೆ. ಇದು ವೈರಸ್, ಇದು ನನ್ನ ಹುಡುಗಿಯ ಹನ್ನೊಂದು ರಾತ್ರಿ ಅಂತ ಅದು ಬೇರೆ ಮಾಡಲ್ಲ. ನಾನು ಕಂಪನಿ ಕ್ರಿಯೇಟ್ ಮಾಡೋಕ್ಕಿಂತ ಮುಂಚಿನ ದಿನಕ್ಕೆ ಹೋಗಿ ಕೂತಿತ್ತು.

ಸಬ್‌ಮಿಷನ್ ಸೋಮವಾರ. ಶನಿವಾರ ರಾತ್ರಿ ಒಂಬತ್ತೂವರೆ. ಫೋನಿನಲ್ಲಿ ಫೋಟೋ ಹುಡುಕಿದ್ರೆ, ಎಂಟ್ರಿ ಆದ ಪುಟಗಳ ಫೋಟೋ ಡಿಲೀಟ್ ಮಾಡ್ತಾ ಬಂದಿದ್ದೆ. ಟ್ರ್ಯಾಷ್‌ನಲ್ಲೂ ಇಲ್ಲ, ಜಾಗ ಬೇಕು ಅಂತ ಅದನ್ನೂ ಖಾಲಿ ಮಾಡಿದ್ದೆ. ಅಷ್ಟು ನೀಟಾಗಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡಿದ್ದೆ.

ಅಪ್ಪ ಅಂಗಡಿ ಬಾಗಿಲು ಹಾಕಿ ಬಂದ್ರು. ನಾನು ಅಳ್ತಾ ಇದ್ದೆ. ಹೈಪರ್‌ವೈಸರ್, ಸ್ನ್ಯಾಪ್‌ಶಾಟ್ ಅಂತೆಲ್ಲ ಏನೇನೋ ಹೇಳಿದೆ. ಅವರಿಗೆ ಅರ್ಥ ಆಗಿದ್ದು ಒಂದೇ: ಬರೆದ ಲೆಕ್ಕ ಹೋಗಿದೆ.

"ಪುಸ್ತಕ ಇದೆಯಲ್ಲಮ್ಮ" ಅಂದ್ರು. ಚಪ್ಪಲಿ ಬಿಟ್ಟವರು ಮತ್ತೆ ಹಾಕ್ಕೊಂಡು ಅಂಗಡಿಗೆ ಹೋದ್ರು.

ಭಾಗ 7/8

ಅವತ್ತು ಮೊದಲ ಸಲ ಆ ಕೆಂಪು ಪುಸ್ತಕ ಮನೆಗೆ ಬಂತು. ಅಪ್ಪ ಓದ್ತಾ ಹೋದ್ರು, ನಾನು ಹಾಕ್ತಾ ಹೋದೆ. "ಮೂರನೇ ತಾರೀಖು, ಬೇಳೆ ಮೂಟೆ ಎರಡು... ಕರೆಂಟ್ ಬಿಲ್... ಗಾಡಿ ಬಾಡಿಗೆ." ಫೋಟೋ ನೋಡಿ ಹಾಕುವಾಗ ಇದ್ದದ್ದಕ್ಕಿಂತ ವೇಗ. ಅಮ್ಮ ಎರಡು ಸಲ ಟೀ ಮಾಡಿದ್ರು. ಭಾನುವಾರ ಅಂಗಡಿಯನ್ನ ಮಧ್ಯಾಹ್ನಕ್ಕೇ ಮುಚ್ಚಿ ಮತ್ತೆ ಕೂತ್ರು. ರಾತ್ರಿ ಹನ್ನೊಂದಕ್ಕೆ ಎಲ್ಲಾ ಮುಗೀತು.

ಕೊನೆಗೆ ಕ್ಯಾಷ್ ನೋಡಿದೆ. ಅಪ್ಪನ ಪುಸ್ತಕದಲ್ಲಿ ಡಿಸೆಂಬರ್ 31ಕ್ಕೆ ನಗದು ₹18,340. ಟ್ಯಾಲಿಯಲ್ಲಿ ₹19,840.

₹1,500 ಜಾಸ್ತಿ. ಅಂದ್ರೆ ಒಂದು ಪಾವತಿ ಬಿಟ್ಟುಹೋಗಿದೆ.

"ಇರ್ಲಿ ಬಿಡು, ಅಷ್ಟು ವ್ಯತ್ಯಾಸ ಇದ್ರೆ ಏನಾಗುತ್ತೆ" ಅಂದ್ರು ಅಪ್ಪ. ಒಂದು ರೂಪಾಯಿ ತಾಳೆ ಆಗದಿದ್ರೂ ಮಲಗದೇ ಇರೋ ಮನುಷ್ಯ! ನನಗೆ ಆಗಲೇ ಅನುಮಾನ ಬಂತು. ಪುಸ್ತಕ ಎಳ್ಕೊಂಡು ನಾನೇ ಸಾಲು ಸಾಲು ನೋಡಿದೆ. ಹತ್ತನೇ ತಾರೀಖು. "ಚೀಟಿ ಕಂ. 1,500."

ಮೊದಲ ಸಲ ಅದನ್ನ ನಾನೇ ಹಾಕಿದ್ದೆ, ನೆನಪಾಯ್ತು. "ಚೀಟಿ ಕಂಪನಿ" ಅಂತ ಓದ್ಕೊಂಡು, ಅಪ್ಪನ ಸ್ವಂತ ಖರ್ಚು ಇರ್ಬೇಕು ಅಂತ ಡ್ರಾಯಿಂಗ್ಸ್‌ಗೆ ತಳ್ಳಿ ಮುಂದೆ ಹೋಗಿದ್ದೆ. ಈಗ ಹಿಂದಿನ ಪುಟ ತಿರುಗಿಸಿದೆ. ನವೆಂಬರ್ 10, ಚೀಟಿ ಕಂ. ಅಕ್ಟೋಬರ್ 10. ಸೆಪ್ಟೆಂಬರ್. ಹಿಂದೆ ಹೋದಷ್ಟೂ ಇತ್ತು, ಜುಲೈವರೆಗೆ. ಜುಲೈ ಪುಟದಲ್ಲಿ ಮಾತ್ರ ಪೂರ್ತಿ ಬರೆದಿದ್ರು.

"ಚೀಟಿ, ಕಂಪ್ಯೂಟರ್."

ಪಕ್ಕದ ಅಂಗಡಿಗಳವರು ಸೇರಿ ಮಾಡ್ಕೊಂಡಿರೋ ಚೀಟಿ. 20 ಜನ, ತಿಂಗಳಿಗೆ 1,500, ಒಟ್ಟು 30,000. ಜೂನ್‌ನಲ್ಲಿ ನಾನು ಊಟಕ್ಕೆ ಕೂತು ಒಂದು ಮಾತು ಎಸೆದಿದ್ದೆ. ಅಪ್ಪ ಏನೂ ಅನ್ನಲಿಲ್ಲ ಅಂತ ಮೊದಲ ಭಾಗದಲ್ಲಿ ಬರೆದೆನಲ್ಲ? ಅವರು ಅಂದಿದ್ರು. ಪುಸ್ತಕದಲ್ಲಿ.

ಮಿಂಟ್ ಹಾಕಿದ ಮೇಲೆ, ವರ್ಚುವಲ್ ಮೆಷಿನ್ ಓಡಿದ ಮೇಲೆ, ನಿಮಗೆಲ್ಲ ಸ್ಟೋರಿ ಹಾಕಿ ಮೆರೆದೆ. "ಅಪ್ಪ, ಇದು ಇನ್ನೂ ಓಡುತ್ತೆ, ಹೊಸದು ಬೇಡ" ಅಂತ ಒಂದು ಮಾತು ಮನೆಯಲ್ಲಿ ಹೇಳೋಕೆ ನನಗೆ ನೆನಪಾಗಿರಲಿಲ್ಲ.

ಎಂಟ್ರಿ ಹಾಕಿದೆ. ಡ್ರಾಯಿಂಗ್ಸ್, 1,500. ಖಾತೆ ಅದೇ, ಮೊದಲ ಸಲ ಹಾಕಿದ್ದೇ ಸರಿ. ನರೇಷನ್ ಮಾತ್ರ ಈ ಸಲ ಪೂರ್ತಿ ಬರೆದೆ. ಕ್ಯಾಷ್ ತಾಳೆ ಆಯ್ತು.

ಭಾಗ 8/8

ಪ್ರಾಜೆಕ್ಟ್ ಕೊಟ್ಟೆ. ಮಾರ್ಕ್ಸ್ ಇನ್ನೂ ಬಂದಿಲ್ಲ, ಬಂದ್ರೆ ಹೇಳ್ತೀನಿ.

ಆ ರಾತ್ರಿ ಆದ ಮೇಲೆ ನಾನು ಪಾಲಿಸ್ತಿರೋ ನಿಯಮಗಳು ಇವು. ನೀವೂ ಪಾಲಿಸಿ.

ಒಂದು: ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಹಿಂದಕ್ಕೆ ಹೋಗೋ ದಾರಿ, ಅಷ್ಟೇ. ಹೋಗುವಾಗ ನಡುವಿನದ್ದೆಲ್ಲ ಬಿಟ್ಟು ಹೋಗುತ್ತೆ. ಮೇಲಾಗಿ ಅದು ಇರೋದೂ ಅದೇ ಲ್ಯಾಪ್‌ಟಾಪ್‌ನಲ್ಲಿ. ಲ್ಯಾಪ್‌ಟಾಪ್ ಹೋದ್ರೆ ಅದೂ ಹೋಯ್ತು.

ಎರಡು: ಕೆಲಸ ಮುಗಿದ ತಕ್ಷಣ ಟ್ಯಾಲಿಯಲ್ಲಿ ಆಲ್ಟ್ ವೈ ಒತ್ತಿ, ಬ್ಯಾಕಪ್ ತಗೊಂಡು ಶೇರ್ಡ್ ಫೋಲ್ಡರ್‌ಗೆ ಹಾಕಿ. ಅದು ಹೋಸ್ಟ್‌ನಲ್ಲಿ ಇರೋದ್ರಿಂದ ಸ್ನ್ಯಾಪ್‌ಶಾಟ್ ಅದನ್ನ ಮುಟ್ಟಲ್ಲ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೂ ಒಂದು ಕಾಪಿ.

ಮೂರು: ರೀಸ್ಟೋರ್ ಮಾಡುವಾಗ ಆ ಟಿಕ್ ತೆಗೀಬೇಡಿ. ಜಾಗ ಆಮೇಲೆ ಮಾಡ್ಕೋಬಹುದು.

ನಾಲ್ಕು: ಹಳೇ ವಿಂಡೋಸ್ ಆದ್ರೆ ಗೆಸ್ಟ್‌ನ ಇಂಟರ್ನೆಟ್ ಆಫ್ ಮಾಡಿಡಿ. ಟ್ಯಾಲಿ ಎಂಟ್ರಿಗೆ ನೆಟ್ ಬೇಕಿಲ್ಲ. ಬ್ರೌಸಿಂಗ್ ಎಲ್ಲಾ ಹೋಸ್ಟ್‌ನಲ್ಲಿ. ಒಳಗೆ ನೆಟ್ ಇರದಿದ್ರೆ ನನ್ನ ಆ ಕನ್ವರ್ಟರ್ ಕಥೆಯೇ ನಡೀತಿರಲಿಲ್ಲ.

ಐದು: ಮ್ಯಾಕ್‌ನ ಎಂ ಸರಣಿ ಚಿಪ್ ಇರೋರಿಗೆ ನಾನು ಹೇಳಿದ ಸ್ಟೆಪ್ಸ್ ಹಾಗೇ ಹೊಂದಲ್ಲ, ಆ ಪ್ರೊಸೆಸರ್ ಜಾತಿಯೇ ಬೇರೆ.

ಇನ್ನೊಂದು ಮಾತು. ಹೊಸ ಲ್ಯಾಪ್‌ಟಾಪ್ ಕೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ವಿಡಿಯೋ ಎಡಿಟಿಂಗ್ ಮಾಡೋರಿಗೆ, 4 ಜಿಬಿಯಲ್ಲಿ ಒದ್ದಾಡೋರಿಗೆ ನಿಜಕ್ಕೂ ಬೇಕಿರಬಹುದು. ಆದ್ರೆ ಮನೆಯಲ್ಲಿ "ಹೊಸದು ಬೇಕು" ಅನ್ನೋ ಮುಂಚೆ ಒಂದು ಸಂಜೆ ಇದ್ದದ್ದರ ಜೊತೆ ಕೂತು ನೋಡಿ. ಅನ್ನೋದು ನಮಗೆ ಒಂದು ವಾಕ್ಯ. ಕೇಳಿಸ್ಕೊಂಡವರು ಅದನ್ನ ಯಾವ ಪುಟದಲ್ಲಿ, ಎಷ್ಟು ತಿಂಗಳು ಬರ್ಕೋತಾರೋ ನಮಗೆ ಗೊತ್ತಾಗಲ್ಲ. ಮತ್ತೆ, ಬೇಡ ಅನ್ನಿಸಿದ ದಿನ ಅದನ್ನೂ ಹೋಗಿ ಹೇಳಿ.

ನಾನು ಹೇಳಿದೆ. ಚೀಟಿ ದುಡ್ಡು ಅಂಗಡಿ ಫ್ರಿಜ್‌ಗೆ ಹಾಕಿ ಅಂದೆ, ಅದು ಹತ್ತು ವರ್ಷದ್ದು, ರಾತ್ರಿಯೆಲ್ಲ ಸದ್ದು ಮಾಡುತ್ತೆ. ಅಪ್ಪ ಲ್ಯಾಪ್‌ಟಾಪ್ ಕಡೆ ನೋಡಿದ್ರು.

"ಇದರೊಳಗೆ ಇನ್ನೊಂದಿದೆ ಅಂತೀಯ. ಹೊರಗಿಂದೇ ಕೆಟ್ಟರೆ?"

ಉತ್ತರ ನನ್ನ ಹತ್ರ ಇರಲಿಲ್ಲ. ಚೀಟಿ ನಡೀತಾ ಇದೆ. ಫ್ರಿಜ್ಜೋ ಲ್ಯಾಪ್‌ಟಾಪೋ ಅನ್ನೋ ಜಗಳವೂ ನಡೀತಾ ಇದೆ.

ಕೊನೇ ಫೋಟೋ ಜುಲೈ ಪುಟದ್ದು. ಉಳಿದ ಲೆಕ್ಕಕ್ಕೆ ಬೆರಳು ಅಡ್ಡ ಇಟ್ಟಿದ್ದೀನಿ, ಒಂದು ಸಾಲು ಮಾತ್ರ ಕಾಣುತ್ತೆ. ಅಪ್ಪನ್ನ ಕೇಳಿಯೇ ಹಾಕಿದ್ದು.

ಬಯೋಸ್ ಎರರ್ ಬಂದೋರು ಸ್ಕ್ರೀನ್ ಫೋಟೋ ಸಮೇತ ಡಿಎಂ ಮಾಡಿ. ಸಂಜೆ ಏಳರ ಮೇಲೆ ನೋಡ್ತೀನಿ, ಅಲ್ಲಿವರೆಗೆ ಅಂಗಡಿಯಲ್ಲಿರ್ತೀನಿ. ಜನವರಿ ಲೆಕ್ಕ ಶುರು ಮಾಡಿದ್ದೀವಿ.

#ಕನ್ನಡ #ಬಿಕಾಂ #ತಿಪಟೂರು #ಲಿನಕ್ಸ್ #ವರ್ಚುವಲ್‌ಬಾಕ್ಸ್